ಕೃಪೆಯೋ, ಕ್ರಿಯೆಯೋ?

ದೇವರ ಮುಂದೆ ಮನುಷ್ಯನು ನಿರ್ದೋಷಿಯಾಗಿ ನಿಲ್ಲುವುದು ಹೇಗೆ? ತಾನು ಮಾಡಿದ ಪುಣ್ಯದ ಬಲದಿಂದಲೋ, ಕೇವಲ ಆತನ ಕರುಣೆಯಿಂದಲೋ? ನಮ್ಮ ಶ್ರೀವೈಷ್ಣವರಲ್ಲಿ ಈ ವಿಷಯವಾಗಿ ಮರ್ಕಟಕಿಶೋರನ್ಯಾಯ, ಮಾರ್ಜಾಲಕಿಶೋರನ್ಯಾಯ ಎಂಬ ಎರಡು ದೃಷ್ಟಾಂತಗಳುಂಟಷ್ಟೆ. ಕೋತಿಯ ಮರಿಯು ತಾನಾಗಿಯೇ ತಾಯಿಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಯಾದರೋ ಸುಮ್ಮನೆ ಬಿದ್ದಿದ್ದರೂ ತಾಯಿಯೇ ಅದನ್ನು ಕಚ್ಚಿ ಎತ್ತಿಕೊಂಡು ಹೋಗುವುದು. ವಡಗಲೆಯವರು ಮೊದಲನೆಯದನ್ನೂ ತೆಂಗಲೆಯವರು ಎರಡನೆಯದನ್ನೂ ಎತ್ತಿ ಹೇಳುವರು. ಇದಕ್ಕೆ ಬಹು ಸಮೀಪವಾದ ಪ್ರಶ್ನೆಯೊಂದು 16ನೆಯ ಶತಮಾನದಲ್ಲಿ ಯೂರೋಪಿನಲ್ಲಿ ಎದ್ದು, ಪಶ್ಚಿಮದ ಕ್ರೈಸ್ತಸಭೆಯು ಒಡೆದುಹೋಗುವುದಕ್ಕೆ ಮುಖ್ಯ ಕಾರಣವಾಯಿತು.

1483ರಲ್ಲಿ ಜರ್ಮನಿಯ ಐಸ್ಲೇಬೆನ್ ಎಂಬ ಊರಿನಲ್ಲಿ ಹುಟ್ಟಿದ ಮಾರ್ಟಿನ್ ಲೂಥರನು 1505ರಲ್ಲಿ ಏರ್ಫುರ್ಟ್ ನಗರದ ಅಗಸ್ಟೀನಿಯನ್ ಮಠವನ್ನು ಸೇರಿದನು. ಉಪವಾಸ, ಜಾಗರಣೆ, ಪಾಪನಿವೇದನೆ ಇವು ಯಾವುದರಲ್ಲಿಯೂ ಅವನು ಕಡಮೆ ಮಾಡಲಿಲ್ಲ. ಆದರೂ ಮನಸ್ಸಿಗೆ ಶಾಂತಿಯಿಲ್ಲ. ಎಷ್ಟು ಮಾಡಿದರೆ ಸಾಕು ಎಂಬುದಕ್ಕೆ ಕೊನೆಯೇ ಕಾಣಲಿಲ್ಲ. ಮುಂದೆ ವಿಟ್ಟೆನ್‌ಬರ್ಗಿನ ವಿದ್ಯಾಪೀಠದಲ್ಲಿ ಅಧ್ಯಾಪಕನಾಗಿ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ವಿಚಾರಮಾಡುತ್ತಿರುವಾಗ ಅವನಿಗೆ ಹೊಸ ಅರ್ಥವೊಂದು ಹೊಳೆಯಿತು. ದೇವರ ನೀತಿಯೆಂದರೆ ಪಾಪಿಯನ್ನು ದಂಡಿಸುವ ನೀತಿಯಲ್ಲ. ನಂಬಿದವನಿಗೆ ದೇವರು ಉಚಿತವಾಗಿ ಕೊಡುವ ನೀತಿ. ಆ ಕಾಲದಲ್ಲಿ ರೋಮಿನ ಸಂತ ಪೇತ್ರನ ದೇವಾಲಯವನ್ನು ಕಟ್ಟುವ ವೆಚ್ಚಕ್ಕಾಗಿಯೂ ಪಾಪದಂಡನೆಯ ವಿಮೋಚನಾಪತ್ರಗಳನ್ನು ಜನರಿಗೆ ಕೊಟ್ಟು ಹಣವನ್ನು ಕೂಡಿಸುತ್ತಿದ್ದರು. 1517ರ ಅಕ್ಟೋಬರ್ 31ರಂದು ಲೂಥರನು ಇದನ್ನು ಕುರಿತು 95 ಸೂತ್ರಗಳನ್ನು ಹೊರಡಿಸಿದನು. 1521ರಲ್ಲಿ ಪೋಪರು ಅವನನ್ನು ಸಭೆಯಿಂದ ಬಹಿಷ್ಕರಿಸಿದರು.

ಲೂಥರನ ಬೋಧನೆಯಲ್ಲಿ ಧರ್ಮಶಾಸ್ತ್ರಕ್ಕೂ ಸುವಾರ್ತೆಗೂ ಇರುವ ಭೇದವೇ ಮುಖ್ಯವಾದದ್ದು. ಧರ್ಮಶಾಸ್ತ್ರವು ಲೋಕದಲ್ಲಿ ದುಷ್ಟರಿಗೆ ಬೇಲಿಯಂತಿರುವುದು. ಅದಕ್ಕಿಂತಲೂ ಹೆಚ್ಚಾಗಿ ಮನುಷ್ಯನಿಗೆ ಕನ್ನಡಿಯಂತಿರುವುದು. ಕನ್ನಡಿಯು ಮುಖದ ಮಸಿಯನ್ನು ತೋರಿಸೀತೇ ಹೊರತು ತೊಳೆಯಲಾರದು. ತೊಳೆಯುವುದು ಸುವಾರ್ತೆ, ಅಂದರೆ ಕ್ರಿಸ್ತನ ಮೂಲಕ ದೊರೆಯುವ ಕ್ಷಮೆ. ಸಾಲಗಾರನ ಲೆಕ್ಕವನ್ನು ಮತ್ತೊಬ್ಬನು ತೀರಿಸಿದಂತೆ, ಕ್ರಿಸ್ತನ ನೀತಿಯು ಪಾಪಿಯ ಲೆಕ್ಕಕ್ಕೆ ಬರೆಯಲ್ಪಡುವುದು. ಅವನು ಏಕಕಾಲದಲ್ಲಿ ನೀತಿವಂತನೂ ಪಾಪಿಯೂ ಆಗಿರುವನು. ಹಾಗಾದರೆ ಸತ್ಕಾರ್ಯಗಳು ಬೇಡವೇ? ಬೇಕು, ಆದರೆ ಫಲವಿರುವುದರಿಂದ ಮರವು ಒಳ್ಳೆಯದಾಗುವುದಿಲ್ಲ, ಮರವು ಒಳ್ಳೆಯದಾದುದರಿಂದ ಫಲವು ಬರುವುದು.

ಕಥೋಲಿಕರ ಉತ್ತರವು ಟ್ರೆಂಟ್ ನಗರದಲ್ಲಿ ಕೂಡಿದ ಮಹಾಸಭೆಯಲ್ಲಿ, 1547ರ ಜನವರಿ 13ರಂದು, 16 ಅಧ್ಯಾಯಗಳಿಂದಲೂ 33 ವಿಧಿಗಳಿಂದಲೂ ಕೂಡಿದ ನಿರ್ಣಯವಾಗಿ ಹೊರಟಿತು. ಕಥೋಲಿಕರು ಸ್ವರ್ಗವನ್ನು ಪುಣ್ಯದ ಬೆಲೆಗೆ ಕೊಳ್ಳುವರೆಂದು ತಿಳಿಯುವವರು ಇದನ್ನು ಗಮನಿಸಬೇಕು: ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದಲೇ ಮನುಷ್ಯನು ನೀತಿವಂತನಾಗಬಲ್ಲನೆಂಬ ಮತವನ್ನು ಆ ನಿರ್ಣಯದ ಮೊದಲನೆಯ ವಿಧಿಯೇ ಖಂಡಿಸಿದೆ. ಮೊದಲು ಕೈಚಾಚುವವನು ದೇವರೇ. ಆದರೆ ಆತನ ಕೃಪೆಯಿಂದ ಎಚ್ಚತ್ತ ಮನುಷ್ಯನು ಅದಕ್ಕೆ ಒಪ್ಪಿ ಸಹಕರಿಸಬಲ್ಲನು, ಬೇಡವೆಂದು ತಳ್ಳಲೂ ಬಲ್ಲನು. ಆದುದರಿಂದ ಕೋತಿಯ ಮರಿಯ ದೃಷ್ಟಾಂತವು ಇವರಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ಮರಿಯು ಹಿಡಿದುಕೊಳ್ಳುವ ಶಕ್ತಿಯೂ ತಾಯಿಯದೇ ಎನ್ನಬೇಕಾದೀತು.

ಹಾಗಾದರೆ ನಿಜವಾದ ಭೇದವೆಲ್ಲಿ? ಲೂಥರನವರು ನ್ಯಾಯಾಧಿಪತಿಯ ತೀರ್ಪನ್ನು ಮುಂದಿಡುವರು. ಕಥೋಲಿಕರು ವೈದ್ಯನ ಚಿಕಿತ್ಸೆಯನ್ನು ಮುಂದಿಡುವರು. ಇವರ ಮತದಲ್ಲಿ ಕ್ಷಮೆಯೊಡನೆಯೇ ಅಂತರಂಗವೂ ನವೀಕರಿಸಲ್ಪಡುವುದು. ನಂಬಿಕೆಯು ಪ್ರೀತಿಯೊಡನೆ ಕೂಡಿದಾಗಲೇ ಜೀವವುಳ್ಳದ್ದಾಗುವುದು. ಸತ್ಕಾರ್ಯಗಳಿಂದ ಕೃಪೆಯು ವೃದ್ಧಿಯಾಗುವುದು. ಮಹಾಪಾಪದಿಂದ ನಷ್ಟವಾಗಿ, ಪ್ರಾಯಶ್ಚಿತ್ತ ಸಂಸ್ಕಾರದಿಂದ ಪುನಃ ದೊರೆಯುವುದು. ಲೂಥರನವರು ಪೌಲನನ್ನು ಎತ್ತಿ ತೋರಿಸಿದರೆ, ಇವರು ಕ್ರಿಯೆಯಿಲ್ಲದ ನಂಬಿಕೆಯು ಸತ್ತದ್ದೆಂಬ ಯಾಕೋಬನ ಬೋಧನೆಯನ್ನು ನೆನಪಿಗೆ ತರುವರು.

ಇದು ಬರಿಯ ಪಂಡಿತರ ವಾಗ್ವಾದವೆಂದು ವಾಚಕರು ಎಣಿಸಬಾರದು. ಮರಣಶಯ್ಯೆಯಲ್ಲಿರುವ ವೃದ್ಧೆಯೊಬ್ಬಳು, ದೇವರು ನನ್ನನ್ನು ಕೈಬಿಡುವನೋ ಎಂದು ಕೇಳಿದರೆ ಏನು ಹೇಳಬೇಕು? ನಿನ್ನನ್ನು ನೋಡಿಕೊಳ್ಳಬೇಡ, ಆತನ ವಾಗ್ದಾನವನ್ನು ನಂಬು, ಅದು ತಪ್ಪದು ಎನ್ನುವನು ಲೂಥರನ ಬೋಧಕನು. ಕಥೋಲಿಕ ಗುರುವೂ ಆಕೆಗೆ ಭರವಸೆಯನ್ನೇ ಕೊಡುವನು. ಆದರೆ ತಾನು ರಕ್ಷಣೆ ಹೊಂದಿದವನೆಂದು ವಿಶೇಷ ದರ್ಶನವಿಲ್ಲದೆ ಯಾರೂ ನಿಸ್ಸಂದೇಹವಾಗಿ ಹೇಳಿಕೊಳ್ಳಬಾರದೆಂದು ಟ್ರೆಂಟಿನ ನಿರ್ಣಯವು ಎಚ್ಚರಿಸುವುದು. ಒಂದು ಕಡೆಗೆ ನಿರಾಶೆಯ ಭಯ, ಇನ್ನೊಂದು ಕಡೆಗೆ ಅಹಂಕಾರದ ಭಯ. ಎರಡೂ ಸುಳ್ಳಲ್ಲ.

ಸಂಧಾನದ ಯತ್ನಗಳೂ ನಡೆದವು. 1541ರಲ್ಲಿ ರೇಗನ್ಸ್‌ಬರ್ಗಿನಲ್ಲಿ ಉಭಯ ಪಕ್ಷದ ಪಂಡಿತರು ಈ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು. ಆದರೆ ಲೂಥರನೂ ಒಪ್ಪಲಿಲ್ಲ, ರೋಮೂ ಒಪ್ಪಲಿಲ್ಲ. ನಾಲ್ಕೂವರೆ ಶತಮಾನಗಳು ಕಳೆದ ಮೇಲೆ, 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ ಲೋಕಸಂಘದವರೂ ಕಥೋಲಿಕ ಸಭೆಯವರೂ ಜಂಟಿ ಘೋಷಣೆಯೊಂದಕ್ಕೆ ಸಹಿಮಾಡಿದರು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಅಂಗೀಕರಿಸುವನು. ಆ ಕೃಪೆಯೇ ನಮ್ಮನ್ನು ಸತ್ಕಾರ್ಯಗಳಿಗೆ ಪ್ರೇರಿಸುವುದು ಎಂಬುದು ಅದರ ತಾತ್ಪರ್ಯ. ಅದರಲ್ಲಿ ವಿವರಿಸಿರುವಂತೆ ಬೋಧಿಸುವವರಿಗೆ ಹಿಂದಿನ ಖಂಡನೆಗಳು ತಗಲುವುದಿಲ್ಲವೆಂದೂ ನಿರ್ಧರಿಸಲಾಯಿತು. ಮೆಥಡಿಸ್ಟರು 2006ರಲ್ಲಿಯೂ ಸುಧಾರಿತ ಸಭೆಗಳ ಲೋಕಸಂಘದವರು 2017ರಲ್ಲಿಯೂ ಇದಕ್ಕೆ ಸಮ್ಮತಿಸಿದರು. ಅಮೆರಿಕದ ಮಿಸೂರಿ ಸಿನೊಡಿನ ಲೂಥರನರು ಮಾತ್ರವಲ್ಲದೆ ಜರ್ಮನಿಯ ಹಲವು ಪ್ರೊಟೆಸ್ಟಂಟ್ ಪಂಡಿತರೂ ಮೂಲಭೇದವು ಉಳಿದೇ ಇದೆಯೆಂದು ವಾದಿಸಿದರು. ಮನುಷ್ಯನು ನೀತಿವಂತನೂ ಪಾಪಿಯೂ ಹೇಗೆ ಆಗಿರಬಲ್ಲನೆಂಬ ಚರ್ಚೆಯಂತೂ ಮುಗಿದಿಲ್ಲ.

ಹೀಗಿದ್ದರೂ ಗೃಹಸ್ಥರಿಗೆ ಇದರಲ್ಲಿ ಗ್ರಹಿಸತಕ್ಕ ಅಂಶವೊಂದುಂಟು. ಮಗನು ಹೇಳಿದ ಮಾತು ಕೇಳಿದನೆಂದು ತಾಯಿಯು ಅವನನ್ನು ಪ್ರೀತಿಸಲಾರಂಭಿಸುವುದಿಲ್ಲ; ಪ್ರೀತಿಯೇ ಮೊದಲು. ಆದರೆ ಆ ಪ್ರೀತಿಯನ್ನು ಅರಿತ ಮಗನು ಕೈಕಟ್ಟಿ ಕುಳಿತಿರಲಾರನು. ಈ ಎರಡು ಮಾತುಗಳಲ್ಲಿ ಒಂದನ್ನು ಮರೆತರೆ ಮನೆಯಲ್ಲಿ ಭಯವು ಬೆಳೆಯುವುದು. ಇನ್ನೊಂದನ್ನು ಮರೆತರೆ ಸೋಮಾರಿತನವು ಬೆಳೆಯುವುದು.