ಬಂಗಾರದ ಟೋಕನ್ನು: ಒಡೆತನದ ಬರಹ, ಒಡವೆಯ ಕಾವಲು

ಮಲಪ್ರಭೆಯ ದಂಡೆಯ ಐಹೊಳೆಗೆ ಬರುವ ಯಾತ್ರಿಕರು ದುರ್ಗದ ಗುಡಿಯ ಗಜಪೃಷ್ಠಾಕಾರಕ್ಕೂ, ಮೇಗುತಿಯ ಗೋಡೆಯ ಮೇಲೆ ರವಿಕೀರ್ತಿಯು ಕ್ರಿ. ಶ. 634ರಲ್ಲಿ ಬರೆಯಿಸಿದ ಪ್ರಶಸ್ತಿಗೂ ಮನಸೋತು ಹಿಂದಿರುಗುವರೇ ಹೊರತು, ಹುನಗುಂದ ತಾಲೂಕಿನ ಈ ಊರಿನ ಹೆಸರನ್ನೇ ಹೊತ್ತ ವರ್ತಕಸಂಘವೊಂದು ಒಂದು ಕಾಲಕ್ಕೆ ತಮಿಳುನಾಡನ್ನೂ ಸಿಂಹಳವನ್ನೂ ದಾಟಿ ಸುಮಾತ್ರಾ ದ್ವೀಪದವರೆಗೆ ವ್ಯವಹಾರ ನಡೆಯಿಸುತ್ತಿದ್ದಿತೆಂಬುದನ್ನು ನೆನೆಯುವವರು ವಿರಳ. ಅಯ್ಯಾವೊಳೆಯ ಐನೂರ್ವರೆಂದು ಪ್ರಸಿದ್ಧರಾದ ಈ ವರ್ತಕರನ್ನು ಹೆಸರಿಸುವ 1088ರ ತಮಿಳು ಶಾಸನವೊಂದು ಸುಮಾತ್ರಾದ ಬಾರೂಸಿನ ಬಳಿಯಲ್ಲಿ ದೊರೆತಿದೆ. ಅಲ್ಲಿಗೆ ಬರುವ ಹಡಗಿನವರು ತೆರಬೇಕಾದ ಸುಂಕವನ್ನು ಅದು ಬಂಗಾರದಲ್ಲಿಯೇ ಗೊತ್ತುಪಡಿಸುತ್ತದೆ. ಕನ್ನಡನಾಡಿನ ಶಾಸನಗಳಲ್ಲಿಯಂತೂ, ಭಕ್ತನೊಬ್ಬನು ಇಷ್ಟು ಗದ್ಯಾಣಗಳನ್ನು, ಎಂದರೆ ಬಂಗಾರದ ನಾಣ್ಯಗಳನ್ನು, ಮಹಾಜನರ ಅಥವಾ ವರ್ತಕರ ವಶದಲ್ಲಿಟ್ಟು, ಅದರ ಬಡ್ಡಿಯಿಂದ ದೇವರ ನಂದಾದೀಪಕ್ಕೆ ಎಣ್ಣೆ ಸಲ್ಲತಕ್ಕುದೆಂದು ವಿಧಿಸಿದ ಪ್ರಸಂಗಗಳು ಹೇರಳವಾಗಿವೆ. ಬಂಗಾರವು ಒಬ್ಬರ ವಶದಲ್ಲಿದ್ದು, ಅದರ ಫಲವು ಮತ್ತೊಬ್ಬರಿಗೆ ಸಂದು, ಆ ಹಕ್ಕಿಗೆ ಸಾಕ್ಷಿಯಾದ ಬರಹವು ಎಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನ ಮೇಲಿರುವ ಏರ್ಪಾಡು ಈ ನೆಲಕ್ಕೆ ಹೊಸದಲ್ಲ.

ಬ್ಲಾಕ್‌ಚೈನ್ ಟೋಕನ್ನುಗಳ ಮೂಲಕ ಬಂಗಾರದಲ್ಲಿ ಹಣ ತೊಡಗಿಸಿರೆಂದು ಇಂದು ಮೊಬೈಲಿನ ಪರದೆಯ ಮೇಲೆ ಕಾಣಿಸಿಕೊಳ್ಳುವ ಕರೆಯನ್ನು ತಿಳಿಯಬೇಕಾದರೆ, ಹಕ್ಕಿನ ಬರಹವನ್ನೂ ಬಂಗಾರದ ಕಾವಲನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದೇ ಸರಿಯಾದ ಮಾರ್ಗ. ಬ್ಲಾಕ್‌ಚೈನ್ ಎಂಬುದು ಒಂದು ಲೆಕ್ಕದ ಪುಸ್ತಕ. ಅದರ ಪ್ರತಿಗಳು ಜಗತ್ತಿನ ಅನೇಕ ಗಣಕಯಂತ್ರಗಳಲ್ಲಿ ಏಕಕಾಲದಲ್ಲಿ ಇರುತ್ತವೆ. ಹೊಸದಾಗಿ ಬರೆದ ಪ್ರತಿಯೊಂದು ಪುಟವೂ ಹಿಂದಿನ ಪುಟದಿಂದ ಗಣಿತದ ರೀತಿಯಲ್ಲಿ ಹುಟ್ಟಿದ ಮುದ್ರೆಯೊಂದನ್ನು ಧರಿಸಿರುವುದರಿಂದ, ನಡುವಿನ ಒಂದೇ ಅಂಕಿಯನ್ನು ತಿದ್ದಿದರೂ ಮುಂದಿನ ಮುದ್ರೆಗಳೆಲ್ಲ ಹೊಂದಿಕೆ ತಪ್ಪಿ ತಿದ್ದುಪಾಟು ಬಯಲಾಗುತ್ತದೆ. ಟೋಕನ್ನು ಈ ಪುಸ್ತಕದೊಳಗಣ ಒಂದು ನಮೂದು. 2019ರಲ್ಲಿ ಅಮೆರಿಕೆಯ ಪ್ಯಾಕ್ಸೋಸ್ ಸಂಸ್ಥೆಯು ಹೊರತಂದ ಪ್ಯಾಕ್ಸ್ ಗೋಲ್ಡಿನ ಒಂದೊಂದು ಟೋಕನ್ನಿಗೂ ಲಂಡನ್ನಿನ ಭಂಡಾರದಲ್ಲಿ ಒಂದು ಟ್ರಾಯ್ ಔನ್ಸ್, ಎಂದರೆ 31.1 ಗ್ರಾಂ, ಹಳೆಯ ತೂಕದಲ್ಲಿ ಎರಡೂ ಮುಕ್ಕಾಲು ತೊಲೆಗೆ ತುಸು ಕಡಿಮೆಯಾದ ಬಂಗಾರವಿರುತ್ತದೆ. 2020ರಲ್ಲಿ ಬಂದ ಟೆದರ್ ಗೋಲ್ಡಿನ ಬಂಗಾರವು ಸ್ವಿಟ್ಜರ್ಲೆಂಡಿನಲ್ಲಿದೆ. ಇಂಥ ಟೋಕನ್ನಿನ ಅತ್ಯಲ್ಪ ಅಂಶವನ್ನೂ ಕೊಳ್ಳಬಹುದು, ನಡುರಾತ್ರಿಯಲ್ಲಿಯೂ ಖಂಡದಿಂದ ಖಂಡಕ್ಕೆ ನಿಮಿಷಗಳಲ್ಲಿ ವರ್ಗಾಯಿಸಬಹುದು. ಇದು ನಿಜವಾದ ಗುಣವೇ ಸರಿ.

ಆದರೆ ಬರಹದ ಬಾಳಿಕೆಯು ಬರೆಯಲ್ಪಟ್ಟ ವಸ್ತುವಿನ ಬಾಳಿಕೆಯಲ್ಲ. ಬಾದಾಮಿಯ ಮೂರನೆಯ ಗುಹೆಯ ಬಳಿ, ಚಾಳುಕ್ಯ ಮಂಗಳೇಶನು ತನ್ನ ಕಲ್ಮನೆಗೆ ಲಂಜಿಗೇಸರವೆಂಬ ಊರನ್ನು ದತ್ತಿಯಾಗಿ ಬಿಟ್ಟುದನ್ನು ತಿಳಿಸುವ ಆರನೆಯ ಶತಮಾನದ ಕನ್ನಡ ಶಾಸನವಿದೆ. ಅದರ ಅಕ್ಷರಗಳು ಇಂದಿಗೂ ಓದಬರುತ್ತವೆ. ಆ ಊರಿನ ಹುಟ್ಟುವಳಿ ಗುಹಾಲಯಕ್ಕೆ ಸಂದಾಯವಾಗುವುದು ನಿಂತುಹೋಗಿ ಎಷ್ಟು ಶತಮಾನಗಳಾದವೋ! ಬ್ಲಾಕ್‌ಚೈನ್ ಪುಸ್ತಕವೂ ತನ್ನೊಳಗಿನ ಅಂಕಿಗಳ ಪರಸ್ಪರ ಸತ್ಯವನ್ನು ಕಾಯಬಲ್ಲುದೇ ಹೊರತು, ಲಂಡನ್ನಿನ ಕೋಣೆಯೊಳಕ್ಕೆ ಇಣಿಕಿ ನೋಡಲಾರದು. ಅಲ್ಲಿ ಗಟ್ಟಿಗಳಿವೆಯೆಂದು ಹೇಳುವವರು ಭಂಡಾರದ ಅಧಿಕಾರಿಗಳು, ಲೆಕ್ಕಪರಿಶೋಧಕರು, ಅವರನ್ನು ನಿಯಂತ್ರಿಸುವ ಸರಕಾರದವರು, ಅಂತೂ ಮನುಷ್ಯರೇ.

ಈ ಮಾತಿಗೆ ನಿದರ್ಶನಗಳಿಲ್ಲದೆ ಇಲ್ಲ. ಬಿಟ್‌ಕಾಯಿನ್ ಹುಟ್ಟುವುದಕ್ಕೂ ಮುನ್ನವೇ, 1996ರಲ್ಲಿ, ಅಮೆರಿಕೆಯಲ್ಲಿ ಇ-ಗೋಲ್ಡ್ ಎಂಬ ಏರ್ಪಾಡು ಭಂಡಾರದ ಬಂಗಾರದ ಮೇಲಣ ಹಕ್ಕನ್ನು ಅಂತರಜಾಲದಲ್ಲಿ ಕೈಯಿಂದ ಕೈಗೆ ಸಾಗಿಸುತ್ತಿದ್ದಿತು. ಪರವಾನಗಿಯಿಲ್ಲದ ಹಣ ರವಾನೆ ಮೊದಲಾದ ಅಪರಾಧಗಳನ್ನು ಅದರ ನಡೆಯಿಸುವವರು 2008ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ ಮೇಲೆ ಅದು ಮುಚ್ಚಿಹೋಯಿತು. 2018ರಲ್ಲಿ ವೆನೆಜುವೆಲಾ ಸರಕಾರವು ತನ್ನ ನೆಲದ ಎಣ್ಣೆಯನ್ನೇ ಆಧಾರವಾಗಿ ತೋರಿಸಿ ಪೆಟ್ರೋ ಎಂಬ ಟೋಕನ್ನನ್ನು ಹೊರಡಿಸಿತು. ಟೋಕನ್ನನ್ನು ಹಿಡಿದು ಹೋದವನಿಗೆ ಎಣ್ಣೆಯನ್ನು ಅಳೆದು ಕೊಡುವ ವ್ಯವಸ್ಥೆ ಮಾತ್ರ ಇರಲಿಲ್ಲ. 2024ರ ಜನವರಿಯಲ್ಲಿ ಅದೂ ಕೊನೆಗೊಂಡಿತು. ನಮ್ಮ ಬೆಂಗಳೂರಿನಲ್ಲಿಯೇ, ಬಂಗಾರದ ವ್ಯಾಪಾರದಿಂದ ಲಾಭ ಹಂಚುವೆವೆಂದು ಸಹಸ್ರಾರು ಕುಟುಂಬಗಳ ಹಣ ಕೂಡಿಸಿದ ಐ.ಎಂ.ಎ. ಸಂಸ್ಥೆಯು 2019ರ ಜೂನಿನಲ್ಲಿ ಕುಸಿದುದನ್ನು ಯಾರು ಮರೆತಾರು? ಅಲ್ಲಿ ಬ್ಲಾಕ್‌ಚೈನ್ ಇರಲಿಲ್ಲ ನಿಜ. ಇದ್ದಿದ್ದರೂ ಆ ಕುಟುಂಬಗಳನ್ನು ಅದು ಕಾಪಾಡುತ್ತಿರಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಳಕಲ್ಲಿನ ನೇಕಾರರ ಮನೆಯಲ್ಲಾಗಲಿ ಹುನಗುಂದದ ಎರೆಹೊಲದ ಒಕ್ಕಲಿನಲ್ಲಾಗಲಿ ಬಂಗಾರವು ಬರಿಯ ಹೂಡಿಕೆಯಲ್ಲ. ಪತ್ತಾರರು ಒರೆಗಲ್ಲಿಗೆ ತಿಕ್ಕಿ ನೋಡಿಕೊಟ್ಟ ಬೋರಮಾಳವೋ ಪುತಳಿ ಸರವೋ ಮದುವೆಯಲ್ಲಿ ಕೊರಳಿಗೆ ಬಂದು, ಮಳೆ ಹೋದ ವರ್ಷ ಗಿರವಿಗೆ ಹೋಗಿ, ಸುಗ್ಗಿಯಾದ ಮೇಲೆ ಬಿಡಿಸಿಕೊಂಡು ಮನೆಗೆ ಮರಳುತ್ತದೆ. ಆ ಮನೆಯ ಹೆಣ್ಣುಮಗಳ ಕೈಯಲ್ಲಿ ತನ್ನದೆಂದು ಹೇಳಿಕೊಳ್ಳಬಹುದಾದ ಆಸ್ತಿ ಅನೇಕ ವೇಳೆ ಅದೊಂದೇ. 2023ರ ಏಪ್ರಿಲ್‌ನಿಂದ ಅಂಗಡಿಯ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರಾಂಕಗಳ ಗುರುತು ಕಡ್ಡಾಯವಾಗಿರುವುದರಿಂದ ಅದರ ಶುದ್ಧತೆಗೆ ಹೊಣೆಯೂ ದೊರೆತಿದೆ. ಲಂಡನ್ನಿನ ಟೋಕನ್ನಾದರೋ ಊರಿನ ಬ್ಯಾಂಕಿನಲ್ಲಿ ಅಡವಿಗೆ ಒಪ್ಪಿತವಾಗದು. ಅದನ್ನು ಕೊಟ್ಟು ಭಂಡಾರದಿಂದ ಬಂಗಾರವನ್ನೇ ಪಡೆಯಬೇಕೆಂದರೆ ಸುಮಾರು 400 ಔನ್ಸಿನ, ಹನ್ನೆರಡು ಕಿಲೋಗ್ರಾಂ ಮೀರಿದ ಇಡಿಯ ಗಟ್ಟಿಗೆ ಸಾಲುವಷ್ಟು ಟೋಕನ್ನುಗಳಿರಬೇಕು. (ಹುನಗುಂದಕ್ಕೆ ಮೂಡಣ ಸೀಮೆಯ ಹಟ್ಟಿಯಲ್ಲಿ, ಎರಡು ಸಾವಿರ ವರ್ಷಗಳ ಹಿಂದಿನಿಂದ ನೆಲವನ್ನು ಅಗೆದು ಬಂಗಾರ ತೆಗೆದವರ ಶ್ರಮವನ್ನು ಬಲ್ಲವರಿಗೆ, ಹನ್ನೆರಡು ಕಿಲೋಗ್ರಾಂ ಎಂದರೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.)

ತೆರಿಗೆಯ ಭೇದವನ್ನೂ ಅರಿತಿರಬೇಕು. 2022ರ ಏಪ್ರಿಲ್ 1ರಿಂದ ನಮ್ಮ ಕಾನೂನು ವರ್ಚುವಲ್ ಡಿಜಿಟಲ್ ಆಸ್ತಿಯೆಂದು ಕರೆಯುವ ವರ್ಗದ ಲಾಭದ ಮೇಲೆ ಶೇಕಡಾ 30ರ ತೆರಿಗೆಯಿದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಅವಕಾಶವಿಲ್ಲ. ಬಂಗಾರದ ಟೋಕನ್ನನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದೆ ಅದರ ವ್ಯಾಖ್ಯೆ. ಎರಡು ವರ್ಷ ಮೀರಿ ಇಟ್ಟುಕೊಂಡ ಸಾಮಾನ್ಯ ಬಂಗಾರದ ಲಾಭಕ್ಕೆ ಶೇಕಡಾ 12.5 ಮಾತ್ರ. ಬಂಗಾರವನ್ನು ಕಾಗದರೂಪದಲ್ಲಿಯೇ ಇಟ್ಟುಕೊಳ್ಳಬಯಸುವವರಿಗೆ 2007ರಿಂದ ಷೇರುಪೇಟೆಯಲ್ಲಿ ಕೊಂಡು ಮಾರುವ ಚಿನ್ನದ ಇಟಿಎಫ್‌ಗಳಿವೆ, 2022ರಿಂದ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಮೇಲ್ವಿಚಾರಣೆಯ ವಿದ್ಯುನ್ಮಾನ ಚಿನ್ನದ ರಸೀದಿಗಳಿವೆ. ಆದರೆ ಆ್ಯಪುಗಳಲ್ಲಿ ಮಾರುವ ಡಿಜಿಟಲ್ ಗೋಲ್ಡ್ ತನ್ನ ನಿಯಂತ್ರಣದ ಹೊರಗಿನದೆಂದು ಸೆಬಿಯೇ 2025ರ ನವೆಂಬರ್‌ನಲ್ಲಿ ಎಚ್ಚರಿಸಿತು. ಆಲಮಟ್ಟಿಯ ಹಿನ್ನೀರಿಗೆ ಊರನ್ನು ಒಪ್ಪಿಸಿ ನವನಗರ ಸೇರಿದ ಬಾಗಲಕೋಟೆಯಲ್ಲಿ, ತಲೆಮಾರುಗಳ ಭೂಮಿಯು ಒಮ್ಮೆಲೆ ಪರಿಹಾರಧನವಾಗಿ ಕೈಗೆ ಬಂದ ಮನೆಗಳಲ್ಲಿ, ಈ ವಿವರಗಳು ಅತ್ಯಾವಶ್ಯಕ.

ಹಾಗಾದರೆ ಟೋಕನ್ನಿನ ಕಲ್ಪನೆಯೇ ನಿರರ್ಥಕವೆ? ಎಂದಿಗೂ ಅಲ್ಲ. ನನ್ನ ದೃಷ್ಟಿಯಲ್ಲಿ ಅದರ ಉಪಯೋಗವು ಬಂಗಾರಕ್ಕಿಂತ ಧಾನ್ಯದಲ್ಲಿ ಹೆಚ್ಚು. ಹುನಗುಂದದ ರೈತನು ಕಡಲೆಯನ್ನು ಒಕ್ಕಣೆಯಾದೊಡನೆ, ದರವು ಅತಿ ಇಳಿದಿರುವಾಗ ಮಾರುವುದು ಸಾಲದ ತಗಾದೆಯ ಕಾರಣದಿಂದ. ಕಾಳನ್ನು ಉಗ್ರಾಣದಲ್ಲಿಟ್ಟು, ಅದರ ರಸೀದಿಯ ಮೇಲೆ ಬ್ಯಾಂಕಿನಲ್ಲಿ ಸಾಲ ಪಡೆದು, ದರ ಏರಿದಾಗ ರಸೀದಿಯನ್ನೇ ಮಾರುವ ಮಾರ್ಗವನ್ನು 2007ರ ಉಗ್ರಾಣ ಕಾಯಿದೆಯು ತೆರೆಯಿತು. 2017ರಿಂದ ಆ ರಸೀದಿಗಳು ವಿದ್ಯುನ್ಮಾನ ರೂಪದಲ್ಲಿ ದೊರೆಯುತ್ತಿವೆ. ಇವು ಬ್ಲಾಕ್‌ಚೈನಿನ ಮೇಲಿಲ್ಲ, ಅಧಿಕೃತ ಭಂಡಾರಪುಸ್ತಕದಲ್ಲಿವೆ. ಆದರೂ ಟೋಕನ್ನು ಮಾಡುವೆನೆಂದ ಕೆಲಸವನ್ನೇ ಮಾಡುತ್ತವೆ, ಮತ್ತು ಕಾಳು ಕೆಟ್ಟರೆ ಹೊಣೆಗಾರನಾಗುವ ಉಗ್ರಾಣದ ಒಡೆಯನನ್ನು ಕಾನೂನಿನ ಕೈಗೆ ಸಿಕ್ಕುವಂತೆ ಇರಿಸುತ್ತವೆ. ಬಂಗಾರಕ್ಕೆ ಕಾಲದ ಭಯವಿಲ್ಲ, ಕಡಲೆಗೆ ತೇವವೂ ಹುಳುವೂ ಶತ್ರುಗಳು. ಆದಕಾರಣ ಆ ರಸೀದಿಯಲ್ಲಿ ತೂಕದೊಡನೆ ಕಾಳಿನ ದರ್ಜೆಯನ್ನೂ, ಇಂತಿಷ್ಟು ದಿನಗಳೊಳಗೆ ಬಿಡಿಸಿಕೊಳ್ಳತಕ್ಕುದೆಂಬ ಅವಧಿಯನ್ನೂ ನಮೂದಿಸಿರುತ್ತಾರೆ. ರಸೀದಿಯನ್ನು ಕೊಳ್ಳುವ ವರ್ತಕನು ಮೊದಲು ಓದುವುದು ಆ ಅವಧಿಯನ್ನೇ.