ನೀರಿನೊಳಗಣ ಸಸ್ಯಗಳೂ ಇಂಗಾಲಾಮ್ಲ ವಾಯುವೂ

ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಮೀನು ಸಾಕುವ ಹವ್ಯಾಸವು ನಮ್ಮ ನಾಡಿನಲ್ಲಿ ಬಹಳವಾಗಿ ಹಬ್ಬಿದೆ. ಮೀನುಗಳೊಡನೆ ಹಸುರಾದ ಜಲಸಸ್ಯಗಳನ್ನೂ ಬೆಳೆಸಬೇಕೆಂಬ ಆಸೆಯು ಅನೇಕ ಮಕ್ಕಳಿಗುಂಟು. ಆದರೆ ಕೆರೆಯಲ್ಲಿ ಯಾರ ಆರೈಕೆಯೂ ಇಲ್ಲದೆ ಸೊಕ್ಕಿ ಬೆಳೆಯುವ ಗಿಡವು ತೊಟ್ಟಿಗೆ ಬಂದ ಕೆಲವು ವಾರಗಳಲ್ಲಿಯೇ ಹಳದಿಗಟ್ಟಿ, ಪಾಚಿ ಹಿಡಿದು, ಕೊಳೆತುಹೋಗುವುದನ್ನು ಕಂಡು ಅವರು ಎದೆಗುಂದುವರು. ಇದಕ್ಕೆ ಕಾರಣವೇನು, ಪರಿಹಾರವೇನು, ಆ ಪರಿಹಾರದಿಂದ ಮೀನುಗಳಿಗೆ ಒದಗಬಹುದಾದ ಅಪಾಯವೇನು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಯಹೇಳಲು ಇಲ್ಲಿ ಯತ್ನಿಸುವೆವು.

ಮೊದಲು ಕೆರೆಯನ್ನೇ ನೋಡೋಣ. ಸೊರಬ ತಾಲ್ಲೂಕಿನ ಗುಡವಿಯ ಕೆರೆಯನ್ನು ನಮ್ಮಲ್ಲಿ ಅನೇಕರು ಕಂಡಿರುವರು. 1989ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಈ ಕೆರೆಯು ಮಳೆಗಾಲದಲ್ಲಿ ತುಂಬಿದಾಗ ಮರಗಳು ನೀರಿನಲ್ಲಿಯೇ ನಿಂತಿರುವುವು. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಮೊದಲಾದ ಪಕ್ಷಿಗಳು ಅವುಗಳ ಮೇಲೆ ಗೂಡು ಕಟ್ಟಿ ಮರಿಮಾಡುವುವು. ಮರಗಳ ಎಲೆಗಳೂ ಹಕ್ಕಿಗಳ ಹಿಕ್ಕೆಯೂ ನೀರಿಗೆ ಬಿದ್ದು ತಳದ ಕೆಸರನ್ನು ಸೇರುವುವು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಇವನ್ನೆಲ್ಲ ಕೊಳೆಯಿಸುವಾಗ ಒಂದು ವಾಯುವು ಹುಟ್ಟಿ ನೀರಿನಲ್ಲಿ ಕರಗುವುದು. ಹಿಂದಿನ ಪಾಠಪುಸ್ತಕಗಳಲ್ಲಿ ಇಂಗಾಲಾಮ್ಲ ವಾಯುವೆಂದು ಓದಿದುದನ್ನೇ ಈಗಿನ ಮಕ್ಕಳು ಕಾರ್ಬನ್ ಡೈಆಕ್ಸೈಡ್ ಎಂದು ಕಲಿಯುವರು. ಇಂತಹ ಕೆರೆಯ ನೀರಿನಲ್ಲಿ ಈ ವಾಯುವು ಮೇಲಣ ಗಾಳಿಯಿಂದ ದೊರೆಯಬಹುದಾದುದಕ್ಕಿಂತ ಸಾಮಾನ್ಯವಾಗಿ ಹೆಚ್ಚಾಗಿಯೇ ಇರುವುದು. ಕೆಸರೇ ಆ ಗಿಡಗಳ ಉಗ್ರಾಣವೆನ್ನಬಹುದು.

ಸಸ್ಯಕ್ಕೆ ಈ ವಾಯುವೇ ಮುಖ್ಯ ಆಹಾರ. ಒಣಗಿದ ಗಿಡವನ್ನು ತೂಗಿದರೆ ಅದರ ತೂಕದಲ್ಲಿ ನೂರಕ್ಕೆ ನಲವತ್ತು ಪಾಲಿನಷ್ಟು ಇಂಗಾಲವಿರುವುದು. ಅದೆಲ್ಲವೂ ಈ ವಾಯುವಿನಿಂದಲೇ ಬಂದುದು. ಈಗ ಗಾಜಿನ ತೊಟ್ಟಿಯನ್ನು ನೋಡಿರಿ. ತಳದಲ್ಲಿ ತೊಳೆದ ಮರಳು, ಶೋಧಿಸಿದ ನೀರು, ನಾಲ್ಕಾರು ಮೀನುಗಳು. ಕೊಳೆಯುವ ಎಲೆಯಿಲ್ಲ, ಕೆಸರಿಲ್ಲ. ಗಾಳಿಯೊಡನೆ ಮಾತ್ರ ಸಂಪರ್ಕವುಳ್ಳ ಒಂದು ಲೀಟರು ನೀರಿನಲ್ಲಿ ಈ ವಾಯುವು ಅರ್ಧ ಮಿಲಿಗ್ರಾಮಿಗಿಂತ ಸ್ವಲ್ಪವೇ ಹೆಚ್ಚಾಗಿ ಕರಗಿರುವುದು. ಅಷ್ಟು ಸಾಲದೆಂಬುದಲ್ಲದೆ, ನೀರಿನಲ್ಲಿ ಅದು ಹರಡುವ ವೇಗವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಾಲು ಕಡಮೆ. ಆದುದರಿಂದ ಎಲೆಯ ಸುತ್ತಲಿದ್ದುದು ಮುಗಿದ ಮೇಲೆ ಹೊಸದು ಬಂದು ಸೇರುವುದು ಬಹಳ ನಿಧಾನ. ಗಿಡವು ಬೆಳಕಿನ ನಡುವೆ ಹಸಿದಿರುವುದು.

ಈ ತತ್ತ್ವವು ಹೊಸದಲ್ಲ. ಎಲೆಯ ಹಸುರು ಭಾಗವು ಬಿಸಿಲಿನಲ್ಲಿ ಮಾತ್ರ ಪ್ರಾಣವಾಯುವನ್ನು ಬಿಡುವುದೆಂದು ಇಂಗೆನ್‌ಹೌಸ್ ಎಂಬ ವೈದ್ಯನು 1779ರಲ್ಲಿ ತೋರಿಸಿದನು. ಜಿನೀವಾ ನಗರದ ಸೆನೆಬಿಯೆ ಎಂಬಾತನು 1782ರಲ್ಲಿ ಇನ್ನೊಂದು ಹೆಜ್ಜೆ ಮುಂದುವರಿದು, ನೀರಿನಲ್ಲಿ ಇಂಗಾಲಾಮ್ಲ ವಾಯುವಿಲ್ಲದಿದ್ದರೆ ಎಷ್ಟೇ ಬಿಸಿಲಿದ್ದರೂ ಎಲೆಯು ಪ್ರಾಣವಾಯುವನ್ನು ಬಿಡಲಾರದೆಂದು ಕಂಡುಹಿಡಿದನು. ನಮ್ಮ ದೇಶದ ಜಗದೀಶಚಂದ್ರ ಬೋಸರು ಹೈಡ್ರಿಲಾ ಎಂಬ ಕೆರೆಯ ಗಿಡವನ್ನಿಟ್ಟುಕೊಂಡು, ಅದು ಬಿಡುವ ಗುಳ್ಳೆಗಳನ್ನು ತಾನಾಗಿಯೇ ಗುರುತಿಸುವ ಯಂತ್ರವನ್ನು ರಚಿಸಿ, ಈ ವಿಷಯವನ್ನು ಕುರಿತ ಗ್ರಂಥವನ್ನು 1924ರಲ್ಲಿ ಪ್ರಕಟಿಸಿದರು. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಇದೇ ಹೈಡ್ರಿಲಾವನ್ನು ಆಲಿಕೆಯ ಕೆಳಗಿಟ್ಟು ಗುಳ್ಳೆಗಳನ್ನು ಎಣಿಸಿದುದು ನಮ್ಮ ಅನೇಕ ಸೋದರಿಯರಿಗೆ ನೆನಪಿದ್ದೀತು. ನೀರಿಗೆ ಚಿಟಿಕೆ ಅಡಿಗೆ ಸೋಡವನ್ನು ಹಾಕಿದೊಡನೆ ಗುಳ್ಳೆಗಳು ಹೆಚ್ಚುತ್ತಿದ್ದುದಕ್ಕೆ ಕಾರಣವು ಈ ಇಂಗಾಲವೇ.

ಹಾಗಾದರೆ ತೊಟ್ಟಿಗೆ ಈ ವಾಯುವನ್ನು ಒದಗಿಸುವ ಬಗೆ ಹೇಗೆ? ಎರಡು ಮಾರ್ಗಗಳುಂಟು. ಮೊದಲನೆಯದು ಒತ್ತಡದಲ್ಲಿ ತುಂಬಿದ ಸಿಲಿಂಡರು. ಇದರಲ್ಲಿ ವಾಯುವಿನ ಪ್ರಮಾಣವನ್ನು ತಿರುಪಿನಿಂದ ಹೆಚ್ಚುಕಡಮೆ ಮಾಡಬಹುದು, ಬೇಕಾದಾಗ ನಿಲ್ಲಿಸಲೂಬಹುದು; ಆದರೆ ವೆಚ್ಚ ಹೆಚ್ಚು. ಎರಡನೆಯದು ಸಕ್ಕರೆ ಮತ್ತು ಯೀಸ್ಟಿನದು. ದೋಸೆಯ ಹಿಟ್ಟು ರಾತ್ರಿಯಿಡೀ ಹುದುಗಿ ಉಬ್ಬುವುದಕ್ಕೆ ಕಾರಣವಾದ ವಾಯುವೇ ಇಲ್ಲಿಯೂ ಹುಟ್ಟುವುದು. ಸಕ್ಕರೆಯ ನೀರಿಗೆ ಕಾಲು ಚಮಚೆ ಯೀಸ್ಟನ್ನು ಬೆರಸಿ, ಸೀಸೆಯ ಮುಚ್ಚಳಕ್ಕೆ ಸಣ್ಣ ಕೊಳವೆಯನ್ನು ಸೇರಿಸಿ, ಹೊರಟ ವಾಯುವನ್ನು ನೀರು ತುಂಬಿದ ಎರಡನೆಯ ಸೀಸೆಯ ಮೂಲಕ ಹಾಯಿಸಿ ತೊಟ್ಟಿಗೆ ಬಿಡತಕ್ಕದ್ದು. ಎರಡನೆಯ ಸೀಸೆಯು ನೊರೆಯು ತೊಟ್ಟಿಗೆ ಹೋಗದಂತೆ ತಡೆಯುವುದು. ಸಕ್ಕರೆಯು ಪೂರ್ತಿಯಾಗಿ ಹುದುಗಿದರೆ ಅದರ ಅರ್ಧದಷ್ಟು ತೂಕದ ವಾಯುವು ದೊರೆಯುವುದು. ಎರಡು ಎಚ್ಚರಿಕೆಗಳನ್ನು ಮರೆಯಬಾರದು: ವಾಯುವು ಹೊರಹೋಗಲು ದಾರಿಯಿಲ್ಲದಂತೆ ಸೀಸೆಯನ್ನು ಎಂದಿಗೂ ಬಿಗಿಯಬಾರದು, ಒತ್ತಡದಿಂದ ಒಡೆದೀತು, ಆ ಕಾರಣದಿಂದಲೇ ಗಾಜಿನ ಸೀಸೆಯನ್ನು ಬಳಸಬಾರದು.

ಎಷ್ಟು ವಾಯು ಬೇಕು? ಒಂದು ಲೀಟರಿಗೆ 15ರಿಂದ 30 ಮಿಲಿಗ್ರಾಮಿನಷ್ಟಿದ್ದರೆ ಗಿಡಗಳಿಗೆ ಸಾಕು. ನೂರು ಲೀಟರಿನ ತೊಟ್ಟಿಯಲ್ಲಿ ಒಂದು ಹೊತ್ತಿಗೆ ಕರಗಿರಬೇಕಾದುದು ಹೆಚ್ಚೆಂದರೆ ಮೂರೇ ಗ್ರಾಮು. ಉಳಿದುದೆಲ್ಲ ನೀರಿನ ಮೇಲ್ಮೈಯಿಂದ ಹಾರಿಹೋಗುವುದರಿಂದ ಎಡೆಬಿಡದೆ ಒದಗಿಸಬೇಕಾಗುವುದು. ಅಳತೆಗೆ ಸುಲಭವಾದ ಉಪಾಯವೊಂದುಂಟು. ಕ್ಷಾರದ ಪ್ರಮಾಣ ಗೊತ್ತಿರುವ ದ್ರಾವಣಕ್ಕೆ ಬ್ರೋಮೋಥೈಮಾಲ್ ನೀಲಿಯೆಂಬ ಬಣ್ಣದ ಕೆಲವು ಹನಿಗಳನ್ನು ಸೇರಿಸಿ, ಪುಟ್ಟ ಗಾಜಿನ ಬುಡ್ಡಿಯಲ್ಲಿಟ್ಟು ತೊಟ್ಟಿಯೊಳಗೆ ತೂಗಹಾಕುವರು. ಬಣ್ಣವು ನೀಲಿಯಾಗಿದ್ದರೆ ವಾಯು ಸಾಲದು, ಹಸುರಾಗಿದ್ದರೆ ತಕ್ಕಷ್ಟಿದೆ, ಹಳದಿಯಾದರೆ ಮೀನುಗಳಿಗೆ ಅಪಾಯ. ಆದರೆ ಬಣ್ಣವು ಬದಲಾಗಲು ಒಂದೆರಡು ಗಂಟೆಗಳು ಹಿಡಿಯುವುದರಿಂದ, ಬಣ್ಣವನ್ನಷ್ಟೇ ನಂಬದೆ ಮೀನುಗಳನ್ನೂ ಗಮನಿಸತಕ್ಕದ್ದು.

ಇಲ್ಲಿಯೇ ವಿಷಯದ ತಿರುಳಿರುವುದು. ಗಿಡಕ್ಕೆ ಅಮೃತವಾದುದು ಮೀನಿಗೆ ವಿಷವಾಗಬಲ್ಲುದು. ನೀರಿನಲ್ಲಿ ಈ ವಾಯುವು ಮಿತಿಮೀರಿದಾಗ ಮೀನಿನ ರಕ್ತದಲ್ಲಿರುವ ಅದೇ ವಾಯುವು ಕಿವಿರುಗಳ ಮೂಲಕ ಹೊರಬರಲಾರದು. ರಕ್ತಕ್ಕೆ ಪ್ರಾಣವಾಯುವನ್ನು ಹಿಡಿದುಕೊಳ್ಳುವ ಶಕ್ತಿಯೂ ಕುಗ್ಗುವುದು. ನೀರಿನಲ್ಲಿ ಪ್ರಾಣವಾಯು ಸಾಕಷ್ಟಿದ್ದರೂ ಮೀನುಗಳು ಮೇಲಕ್ಕೆ ಬಂದು ಬಾಯ್ಬಿಡುವುವು. ಆಗ ಕೂಡಲೇ ವಾಯುವನ್ನು ನಿಲ್ಲಿಸಿ, ಗಾಳಿಯ ಪಂಪಿನಿಂದ ನೀರನ್ನು ಕಲಕಿ, ಸ್ವಲ್ಪ ನೀರನ್ನು ಬದಲಿಸಬೇಕು. ರಾತ್ರಿಯಲ್ಲಂತೂ ಗಿಡಗಳೂ ಮೀನುಗಳಂತೆ ಉಸಿರಾಡಿ ಇದೇ ವಾಯುವನ್ನು ಬಿಡುವುದರಿಂದ, ದೀಪವನ್ನಾರಿಸಿದಾಗ ಸಿಲಿಂಡರನ್ನೂ ಮುಚ್ಚತಕ್ಕದ್ದು. ಯೀಸ್ಟು ನಮ್ಮ ಮಾತನ್ನು ಕೇಳುವುದಿಲ್ಲ. ಅದನ್ನು ಬಳಸುವವರು ರಾತ್ರಿ ಗಾಳಿಯ ಪಂಪನ್ನು ನಡೆಯಿಸಬೇಕು. ಮಲೆನಾಡಿನ ಮೆದು ನೀರಿನಲ್ಲಿ ಸುಣ್ಣದ ಅಂಶವು ಕಡಮೆಯಾದುದರಿಂದ ಈ ವಾಯುವು ಕರಗಿದಾಗ ನೀರು ಬೇಗನೆ ಹುಳಿಯಾಗುವುದು. ಆದಕಾರಣ ಇಲ್ಲಿನವರು ವಾಯುವನ್ನು ಸ್ವಲ್ಪಸ್ವಲ್ಪವಾಗಿಯೇ ಹೆಚ್ಚಿಸುತ್ತ ಬರುವುದು ಒಳ್ಳೆಯದು.

ಬೆಳಕು ಸಾಲದಿದ್ದರೆ ಎಷ್ಟು ವಾಯುವನ್ನು ಬಿಟ್ಟರೂ ವ್ಯರ್ಥವೆಂಬುದನ್ನೂ ತಿಳಿದಿರಬೇಕು. ಮಂದ ಬೆಳಕಿನಲ್ಲಿ ನಿಧಾನವಾಗಿ ಬೆಳೆಯುವ ಗಿಡಗಳನ್ನು ಆರಿಸಿಕೊಂಡು, ತಳದಲ್ಲಿ ಸ್ವಲ್ಪ ಮಣ್ಣನ್ನು ಹಾಕಿ ಅದರ ಮೇಲೆ ಮರಳನ್ನು ಹರಡಿದರೆ, ಸಿಲಿಂಡರಿನ ಗೋಜಿಲ್ಲದೆಯೇ ತೊಟ್ಟಿಯು ಹಸುರಾಗಿರಬಲ್ಲುದು. ಮಕ್ಕಳ ಕೈಗೆ ಮೊದಲು ಕೊಡತಕ್ಕದ್ದು ಇಂತಹ ತೊಟ್ಟಿಯನ್ನೇ.

ಕೊನೆಯದಾಗಿ ಒಂದು ಮಾತು. ಪಕ್ಷಿಧಾಮದ ಕೆರೆಯಿಂದ ಅನುಮತಿಯಿಲ್ಲದೆ ಗಿಡಗಳನ್ನು ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವಾದುದು. ಅದಕ್ಕಿಂತಲೂ ಹೆಚ್ಚಿನ ಕೆಡುಕೆಂದರೆ, ಬೇಡವಾದ ತೊಟ್ಟಿಯ ಗಿಡಗಳನ್ನೂ ಮೀನುಗಳನ್ನೂ ಕೆರೆಗೆ ಸುರಿಯುವುದು. ನಮ್ಮ ಕೆರೆಗಳ ಸಾಧುವಾದ ಹೈಡ್ರಿಲಾ 1950ರ ದಶಕದ ಆರಂಭದಲ್ಲಿ ಸಿಂಹಳದಿಂದ ತೊಟ್ಟಿಯ ಗಿಡವಾಗಿ ಅಮೆರಿಕದ ಫ್ಲಾರಿಡಾ ಪ್ರಾಂತಕ್ಕೆ ಹೋಯಿತು. ಅಲ್ಲಿ ತೊಟ್ಟಿಯನ್ನು ದಾಟಿ ಹೊರನೀರನ್ನು ಸೇರಿದ ಮೇಲೆ, ಇಂಗಾಲಾಮ್ಲ ವಾಯುವು ಕಡಮೆಯಾದಾಗಲೂ ಅದನ್ನು ಎಲೆಯೊಳಗೆ ಕೂಡಿಸಿಕೊಳ್ಳಬಲ್ಲ ತನ್ನ ವಿಶೇಷ ಶಕ್ತಿಯಿಂದ ಸರೋವರಗಳನ್ನೇ ತುಂಬಿತು. ಅದನ್ನು ತೆಗೆಯಲು ಆ ಪ್ರಾಂತವು ಅಪಾರ ಹಣವನ್ನು ವ್ಯಯಿಸಬೇಕಾಯಿತು. ಪರದೇಶದ ಗಿಡವೊಂದು ನಮ್ಮಲ್ಲಿಯೂ ಹೀಗೆಯೇ ಮಾಡಬಾರದೇಕೆ? ಆದುದರಿಂದ ಬೇಡವಾದ ಗಿಡಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕತಕ್ಕದ್ದು. ಮೀನುಗಳನ್ನು ಸಾಕಬಲ್ಲವರಿಗೆ ಕೊಡತಕ್ಕದ್ದು. ಗಾಜಿನ ನಾಲ್ಕು ಗೋಡೆಗಳೊಳಗಣ ಜೀವಗಳಿಗೆ ನಾವು ಹೊಣೆಗಾರರಾಗಿರುವಂತೆಯೇ, ಅದರಾಚೆಯ ಕೆರೆಗೂ ಹೊಣೆಗಾರರೆಂಬುದನ್ನು ಮಕ್ಕಳು ಚಿಕ್ಕಂದಿನಲ್ಲಿಯೇ ಕಲಿಯಲಿ.