ಏಳು, ನಲವತ್ತು, ಹನ್ನೆರಡು: ಹೀಬ್ರೂ ಧರ್ಮಗ್ರಂಥದಲ್ಲಿ ಸಂಖ್ಯೆಗಳ ಅರ್ಥ

ಕನ್ನಡ ಸತ್ಯವೇದದಲ್ಲಿ ‘ಅರಣ್ಯಕಾಂಡ’ ಎಂದು ಕರೆಯಲಾಗುವ ಪುಸ್ತಕಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ‘ನಂಬರ್ಸ್’, ಅಂದರೆ ಸಂಖ್ಯೆಗಳು. ಒಂದೇ ಪುಸ್ತಕಕ್ಕೆ ಇಷ್ಟು ಭಿನ್ನವಾದ ಎರಡು ಹೆಸರುಗಳು ಬಂದುದಕ್ಕೆ ಕಾರಣವಿದೆ. ಹೀಬ್ರೂ ಮೂಲದಲ್ಲಿ ಅದು ‘ಬಮಿದ್ಬಾರ್’. ‘ಅರಣ್ಯದಲ್ಲಿ’ ಎಂಬುದು ಆ ಪದದ ಅರ್ಥ. ಕನ್ನಡದ ಹೆಸರು ಇದಕ್ಕೆ ಹತ್ತಿರವಾದುದು. ಆದರೆ ಪುಸ್ತಕದಲ್ಲಿ ಎರಡು ಜನಗಣತಿಗಳ ವಿವರ ಇರುವುದರಿಂದ ಗ್ರೀಕ್ ಪರಂಪರೆ ಅದಕ್ಕೆ ‘ಸಂಖ್ಯೆಗಳು’ ಎಂದು ಹೆಸರಿಟ್ಟಿತು. ಇಂಗ್ಲಿಷ್ ಆ ದಾರಿಯನ್ನೇ ಹಿಡಿಯಿತು.

ಮೊದಲ ಗಣತಿಯಲ್ಲಿ ಯುದ್ಧಕ್ಕೆ ಹೋಗಬಲ್ಲ, 20 ವರ್ಷ ಮೇಲ್ಪಟ್ಟ ಗಂಡಸರು 6,03,550 ಮಂದಿ. ಎರಡನೆಯದರಲ್ಲಿ 6,01,730 ಮಂದಿ. ಹೆಂಗಸರು, ಮಕ್ಕಳನ್ನು ಸೇರಿಸಿದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸೀನಾಯಿ ಮರುಭೂಮಿಯಲ್ಲಿ ಅಲೆದಂತಾಗುತ್ತದೆ. ಇದು ವಿದ್ವಾಂಸರನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ಹೀಬ್ರೂವಿನ ‘ಎಲೆಫ್’ ಎಂಬ ಪದಕ್ಕೆ ಸಾವಿರ ಎಂಬ ಅರ್ಥವಿರುವಂತೆ ಕುಲ, ಪಂಗಡ ಎಂಬ ಅರ್ಥವೂ ಉಂಟು. ಇಲ್ಲಿ ಸಾವಿರಗಳನ್ನಲ್ಲ, ಪಂಗಡಗಳನ್ನು ಎಣಿಸಿರಬಹುದು ಎಂದು ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1906ರಲ್ಲಿ ವಾದಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೆ ಹೀಬ್ರೂ ಧರ್ಮಗ್ರಂಥದ ಸಂಖ್ಯೆಯನ್ನು ಓದುವಾಗ ‘ಎಷ್ಟು’ ಎಂಬ ಪ್ರಶ್ನೆಯೊಂದೇ ಸಾಲದು, ‘ಏನು ಹೇಳುತ್ತಿದೆ’ ಎಂದೂ ಕೇಳಬೇಕು ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಏಳು: ಪೂರ್ಣತೆ ಮತ್ತು ಪ್ರಮಾಣ

ಯೆಹೂದ್ಯರು ‘ತನಖ್’ ಎಂದು ಕರೆಯುವ ಈ ಗ್ರಂಥದಲ್ಲಿ ಅತ್ಯಂತ ಮಹತ್ವದ ಸಂಖ್ಯೆ ಏಳು. ಆದಿಕಾಂಡದ ಮೊದಲ ವಾಕ್ಯದಲ್ಲಿ ಹೀಬ್ರೂವಿನ ಏಳು ಪದಗಳಿವೆ. ಆರು ದಿನಗಳಲ್ಲಿ ಸೃಷ್ಟಿ ಮುಗಿದು ಏಳನೆಯ ದಿನ ವಿಶ್ರಾಂತಿಗೆ ಮೀಸಲಾಗುತ್ತದೆ. ಯೆರಿಕೋ ಪಟ್ಟಣದ ಗೋಡೆ ಬೀಳುವ ಪ್ರಸಂಗದಲ್ಲಿ ಏಳು ಮಂದಿ ಯಾಜಕರು ಏಳು ಕೊಂಬುಗಳನ್ನು ಹಿಡಿದು ಸಾಗುತ್ತಾರೆ; ಏಳನೆಯ ದಿನ ಪಟ್ಟಣವನ್ನು ಏಳು ಸಲ ಸುತ್ತುತ್ತಾರೆ.

ಈ ಮಹತ್ವಕ್ಕೆ ಭಾಷೆಯ ಆಧಾರವೂ ಇದೆ. ಹೀಬ್ರೂವಿನಲ್ಲಿ ಏಳು ಎಂದರೆ ‘ಶೆವ’, ಪ್ರಮಾಣ ಎಂದರೆ ‘ಶೆವುಆ’. ಎರಡೂ ಪದಗಳನ್ನು ಬರೆಯುವುದು ಒಂದೇ ಮೂಲಾಕ್ಷರಗಳಿಂದ. ಅಬ್ರಹಾಮನು ಒಂದು ಬಾವಿಯ ಹಕ್ಕಿಗಾಗಿ ಏಳು ಹೆಣ್ಣು ಕುರಿಮರಿಗಳನ್ನು ಕೊಟ್ಟು ಆಣೆ ಮಾಡಿಸಿದ ಸ್ಥಳವೇ ಬೇರ್ಷೆಬ. ಏಳರ ಬಾವಿ, ಪ್ರಮಾಣದ ಬಾವಿ ಎಂಬ ಎರಡು ಅರ್ಥಗಳೂ ಆ ಹೆಸರಿನಲ್ಲಿವೆ.

ನಲವತ್ತು ಮತ್ತು ಹನ್ನೆರಡು

ನಲವತ್ತು ಪರೀಕ್ಷೆಯ ಅವಧಿ. ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ದಾಟುವ ಕಾಲ. ಜಲಪ್ರಳಯದ ಮಳೆ ಸುರಿದದ್ದು ನಲವತ್ತು ದಿನ, ನಲವತ್ತು ರಾತ್ರಿ. ಮೋಶೆ ಬೆಟ್ಟದ ಮೇಲಿದ್ದುದು, ಪ್ರವಾದಿ ಎಲೀಯ ಹೋರೇಬಿಗೆ ನಡೆದದ್ದು ಸಹ ಅಷ್ಟೇ ದಿನ. ಇಸ್ರಾಯೇಲ್ಯರ ಗೂಢಚಾರರು ನಲವತ್ತು ದಿನ ನಾಡನ್ನು ನೋಡಿ ಬಂದರು. ಅವರ ಮಾತು ಕೇಳಿ ಜನ ಧೈರ್ಯಗೆಟ್ಟದ್ದಕ್ಕೆ ದಿನಕ್ಕೊಂದು ವರ್ಷದಂತೆ ನಲವತ್ತು ವರ್ಷಗಳ ಅಲೆದಾಟ ಶಿಕ್ಷೆಯಾಯಿತು ಎನ್ನುತ್ತದೆ ಅರಣ್ಯಕಾಂಡ. ಹಳೆಯ ತಲೆಮಾರು ಮುಗಿದು ಹೊಸದು ಬರಲು ಬೇಕಾದ ಕಾಲವದು.

ಪ್ರವಾದಿ ಯೋನನು ನಿನೆವೆ ನಗರಕ್ಕೆ ನೀಡಿದ ಗಡುವು ಹೀಬ್ರೂ ಪಾಠದಲ್ಲಿ ನಲವತ್ತು ದಿನ, ಪ್ರಾಚೀನ ಗ್ರೀಕ್ ಅನುವಾದದಲ್ಲಿ ಮೂರೇ ದಿನ. ಕಥೆಯ ಸಾರ ಮಾತ್ರ ಬದಲಾಗುವುದಿಲ್ಲ: ಜನರು ಪಶ್ಚಾತ್ತಾಪಪಟ್ಟರು, ನಗರ ಉಳಿಯಿತು.

ಹನ್ನೆರಡು ಸಮುದಾಯದ ಸಂಖ್ಯೆ. ಯಾಕೋಬನ ಹನ್ನೆರಡು ಮಕ್ಕಳಿಂದ ಹನ್ನೆರಡು ಕುಲಗಳು. ಯಾಜಕ ವೃತ್ತಿಯ ಲೇವಿ ಕುಲಕ್ಕೆ ಭೂಮಿಯಲ್ಲಿ ಪಾಲಿರಲಿಲ್ಲ. ಆಗ ಯೋಸೇಫನ ಪಾಲು ಅವನ ಇಬ್ಬರು ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆಯರ ಹೆಸರಿನಲ್ಲಿ ಎರಡಾಗಿ, ಲೆಕ್ಕ ಮತ್ತೆ ಹನ್ನೆರಡಕ್ಕೆ ನಿಲ್ಲುತ್ತದೆ. ಪಟ್ಟಿಯ ಹೆಸರುಗಳು ಬದಲಾದರೂ ಮೊತ್ತ ಬದಲಾಗಲಿಲ್ಲ ಎಂಬುದು ಗಮನಾರ್ಹ.

ಅಕ್ಷರವೇ ಅಂಕಿ

ಹೀಬ್ರೂ ಲಿಪಿಯ ಅಕ್ಷರಗಳಿಗೆ ಸಂಖ್ಯಾಮೌಲ್ಯವಿದೆ. ಮೊದಲ ಅಕ್ಷರ ‘ಆಲೆಫ್’ ಒಂದು, ‘ಯೋದ್’ ಹತ್ತು, ಕೊನೆಯ ‘ತಾವ್’ ನಾಲ್ಕು ನೂರು. ಪದದ ಅಕ್ಷರಗಳನ್ನು ಕೂಡಿ ಅರ್ಥ ಹುಡುಕುವ ಪದ್ಧತಿಗೆ ‘ಗೆಮಾಟ್ರಿಯಾ’ ಎಂದು ಹೆಸರು. ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳ ಕ್ರಮಸಂಖ್ಯೆಯನ್ನು ರಾಗದ ಹೆಸರಿನ ಮೊದಲೆರಡು ಅಕ್ಷರಗಳಿಂದ ತಿಳಿಯುವ ಕಟಪಯಾದಿ ಪದ್ಧತಿಯನ್ನು ಬಲ್ಲವರಿಗೆ ಇದು ತೀರಾ ಅಪರಿಚಿತವಲ್ಲ.

‘ಜೀವಂತ’ ಎಂಬ ಅರ್ಥದ ‘ಹಾಯ್’ ಎಂಬ ಪದದ ಮೊತ್ತ 18. ಆದ್ದರಿಂದಲೇ ಯೆಹೂದ್ಯರಲ್ಲಿ ಹಲವರು ಶುಭ ಸಂದರ್ಭಗಳಲ್ಲಿ 18ರ ಗುಣಕಗಳಲ್ಲಿ ಹಣವನ್ನು ಉಡುಗೊರೆಯಾಗಿ, ದಾನವಾಗಿ ನೀಡುತ್ತಾರೆ. 15 ಮತ್ತು 16ನ್ನು ಹತ್ತು-ಐದು, ಹತ್ತು-ಆರು ಎಂದು ಬರೆದರೆ ದೇವರ ಹೆಸರಿನ ಅಕ್ಷರಗಳು ಜೊತೆಯಾಗುವುದರಿಂದ, ಒಂಬತ್ತು-ಆರು, ಒಂಬತ್ತು-ಏಳು ಎಂದು ಬರೆಯುವ ರೂಢಿ ಇಂದಿಗೂ ಇದೆ. ಆದಿಕಾಂಡದಲ್ಲಿ ಅಬ್ರಹಾಮನು ಯುದ್ಧಕ್ಕೆ ಕರೆದೊಯ್ದವರು 318 ಮಂದಿ. ಅವನ ಸೇವಕ ಎಲಿಯೇಜರನ ಹೆಸರಿನ ಮೊತ್ತವೂ 318. ಹೋದವನು ಅವನೊಬ್ಬನೇ ಎಂಬ ವ್ಯಾಖ್ಯಾನವನ್ನು ರಬ್ಬಿಗಳು ಮುಂದಿಟ್ಟರು. ಆದರೆ ಇದು ನಂತರದ ಕಾಲದ ಓದು. ಗ್ರಂಥದ ಒಳಗೆ ಸಂಖ್ಯೆಗಳನ್ನು ಪದಗಳಲ್ಲಿಯೇ ಬರೆಯಲಾಗಿದೆ. ಮೂಲ ಹೇಳುವುದು ಮತ್ತು ವ್ಯಾಖ್ಯಾನಕಾರರು ಕಂಡುಕೊಂಡದ್ದು, ಇವೆರಡನ್ನು ಬೇರೆ ಬೇರೆಯಾಗಿಯೇ ನೋಡಬೇಕಾಗುತ್ತದೆ.

ಲೆಕ್ಕ ತಪ್ಪಿದ ದಿನಗಳು

ಈ ವ್ಯತ್ಯಾಸವನ್ನು ಮರೆತವರು ತೆತ್ತ ಬೆಲೆ ಸಣ್ಣದಲ್ಲ. ದಿನಕ್ಕೊಂದು ವರ್ಷ ಎಂಬ ಅರಣ್ಯಕಾಂಡದ ಮಾತನ್ನು ಭವಿಷ್ಯದ ಗಣಿತಸೂತ್ರವೆಂದು ಭಾವಿಸಿದವರಲ್ಲಿ ಅಮೆರಿಕದ ವಿಲಿಯಂ ಮಿಲ್ಲರ್ ಪ್ರಮುಖರು. ದಾನಿಯೇಲನ ಗ್ರಂಥದ 2300 ದಿನಗಳನ್ನು 2300 ವರ್ಷಗಳೆಂದು ಬಗೆದು, ಕ್ರಿ.ಪೂ. 457ರಿಂದ ಎಣಿಸಿ, ಕ್ರಿಸ್ತನ ಪುನರಾಗಮನ ಸಮೀಪಿಸಿದೆ ಎಂದು ಅವರು ಸಾರಿದರು. ಅವರ ಚಳವಳಿ ಕೊನೆಗೆ ನಿಗದಿಪಡಿಸಿದ ದಿನ 1844ರ ಅಕ್ಟೋಬರ್ 22. ಸಾವಿರಾರು ಮಂದಿ ಕಾದು ಕುಳಿತರು. ಕೆಲವು ರೈತರು ಬೆಳೆಯನ್ನು ಹೊಲದಲ್ಲಿಯೇ ಬಿಟ್ಟರು. ಆ ದಿನ ಬಂದು ಹೋಯಿತು. ಇತಿಹಾಸದಲ್ಲಿ ಅದಕ್ಕೆ ‘ಮಹಾ ನಿರಾಶೆ’ ಎಂಬ ಹೆಸರು ಉಳಿಯಿತು.

ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಅವರದು ಇನ್ನೊಂದು ಲೆಕ್ಕ. ಐದು ಪ್ರಾಯಶ್ಚಿತ್ತಕ್ಕೆ, ಹತ್ತು ಪೂರ್ಣತೆಗೆ, ಹದಿನೇಳು ಸ್ವರ್ಗಕ್ಕೆ ಸಂಕೇತವೆಂದು ಅವರು ಹೇಳಿದರು. ಮೂರನ್ನೂ ಗುಣಿಸಿ, ಬಂದ ಮೊತ್ತವನ್ನು ಮತ್ತೆ ಅದರಿಂದಲೇ ಗುಣಿಸಿದಾಗ ದೊರೆತ 7,22,500 ದಿನಗಳನ್ನು ಯೇಸುವಿನ ಶಿಲುಬೆಯ ಮರಣದ ದಿನದಿಂದ ಎಣಿಸಿ, 2011ರ ಮೇ 21 ನ್ಯಾಯತೀರ್ಪಿನ ದಿನವೆಂದು ಘೋಷಿಸಿದರು. ಅವರನ್ನು ನಂಬಿ ಉಳಿತಾಯದ ಹಣವನ್ನು ಪ್ರಚಾರ ಫಲಕಗಳಿಗೆ ಸುರಿದವರಿದ್ದರು. ಮರುದಿನ ಸೂರ್ಯ ಎಂದಿನಂತೆ ಉದಯಿಸಿದನು.

ತೋರಾದ ಅಕ್ಷರಗಳ ನಡುವೆ ಗುಪ್ತ ಸಂದೇಶಗಳಿವೆ ಎಂದ ಮೈಕೇಲ್ ಡ್ರಾಸ್ನಿನ್ ಅವರ ‘ದಿ ಬೈಬಲ್ ಕೋಡ್’ 1997ರಲ್ಲಿ ಭಾರಿ ಸಂಖ್ಯೆಯಲ್ಲಿ ಮಾರಾಟವಾಯಿತು. ಅದೇ ಬಗೆಯ ‘ಸಂದೇಶ’ಗಳನ್ನು ‘ಮೋಬಿ ಡಿಕ್’ ಕಾದಂಬರಿಯಲ್ಲಿಯೂ ಹುಡುಕಬಹುದೆಂದು ಗಣಿತಜ್ಞ ಬ್ರೆಂಡನ್ ಮೆಕೇ ತೋರಿಸಿಕೊಟ್ಟರು. ಅಂತ್ಯಕಾಲವನ್ನು ಲೆಕ್ಕ ಹಾಕುವವರನ್ನು ಯೆಹೂದ್ಯರ ತಾಲ್ಮುಡ್ ಅಂದೇ ಕಟುವಾಗಿ ಶಪಿಸಿತ್ತು. ಹೇಳಿದ ದಿನ ಕಳೆದರೆ ಜನರು ನಂಬಿಕೆಯನ್ನೇ ಕೈಬಿಡುತ್ತಾರೆ ಎಂಬುದು ಅದರ ಆತಂಕ.

ಏಳನೆಯ ವರ್ಷದ ಹೊಣೆ

ಹಾಗಾದರೆ ಈ ಸಂಖ್ಯೆಗಳು ಬದುಕಿಗೆ ಸಂಬಂಧಿಸಿದವಲ್ಲವೇ? ಅವು ಸಂಬಂಧಿಸಿದವು, ಆದರೆ ಬೇರೊಂದು ಬಗೆಯಲ್ಲಿ. ಏಳನೆಯ ವರ್ಷ ಹೊಲವನ್ನು ಬಿತ್ತಬಾರದು. ತಾನಾಗಿ ಬೆಳೆದದ್ದು ಬಡವರಿಗೆ, ಮಿಕ್ಕಿದ್ದು ಕಾಡುಮೃಗಗಳಿಗೆ ಎನ್ನುತ್ತದೆ ವಿಮೋಚನಕಾಂಡ. ಆ ವರ್ಷ ಸಾಲವನ್ನು ಬಿಟ್ಟುಬಿಡಬೇಕು, ಅದು ಹತ್ತಿರವಾಯಿತೆಂದು ಬಡವನಿಗೆ ಸಾಲ ನಿರಾಕರಿಸಬಾರದು ಎನ್ನುತ್ತದೆ ಧರ್ಮೋಪದೇಶಕಾಂಡ. ಏಳು ಏಳುಗಳು ಕಳೆದ ಬಳಿಕ ಬರುವ ಐವತ್ತನೆಯ ವರ್ಷದಲ್ಲಿ ಮಾರಿದ ಭೂಮಿ ಮೂಲ ಕುಟುಂಬಕ್ಕೆ ಮರಳಬೇಕು, ಜೀತಕ್ಕೆ ಸೇರಿದವನು ಬಿಡುಗಡೆ ಹೊಂದಬೇಕು ಎನ್ನುತ್ತದೆ ಯಾಜಕಕಾಂಡ.

ಇದರ ಪಾಲನೆ ಸುಲಭವಾಗಿರಲಿಲ್ಲ. ಸಾಲ ಮನ್ನಾದ ಭಯದಿಂದ ಸಾಲಿಗರು ಕೈ ಬಿಗಿಹಿಡಿದಾಗ ಕಷ್ಟಕ್ಕೆ ಸಿಕ್ಕವರು ಬಡವರೇ. ಆಗ ಹಿರಿಯ ರಬ್ಬಿ ಹಿಲ್ಲೆಲ್, ಸಾಲದ ವಸೂಲಿಯನ್ನು ನ್ಯಾಯಸಭೆಗೆ ಒಪ್ಪಿಸುವ ‘ಪ್ರೊಜ್ಬುಲ್’ ಎಂಬ ಪತ್ರದ ವ್ಯವಸ್ಥೆ ತಂದು, ಸಾಲ ದೊರೆಯುವಂತೆ ಮಾಡಿದರು. ಇಸ್ರೇಲಿನಲ್ಲಿ ‘ಶ್ಮಿಟಾ’ ಎಂಬ ಈ ಏಳನೆಯ ವರ್ಷವನ್ನು ಇಂದಿಗೂ ಲೆಕ್ಕಕ್ಕೆ ಹಿಡಿಯಲಾಗುತ್ತದೆ. 2021ರ ಸೆಪ್ಟೆಂಬರಿನಿಂದ 2022ರ ಸೆಪ್ಟೆಂಬರಿನವರೆಗೆ ಅದು ನಡೆಯಿತು, ಮುಂದಿನದು 2028-29ರಲ್ಲಿ. ಕೆಲವು ರೈತರು ಭೂಮಿಯನ್ನು ಬೀಳು ಬಿಡುತ್ತಾರೆ. ಮತ್ತೆ ಹಲವರು 1889ರಿಂದ ರೂಢಿಯಲ್ಲಿರುವಂತೆ, ಭೂಮಿಯನ್ನು ಯೆಹೂದ್ಯೇತರರಿಗೆ ಕಾಗದದಲ್ಲಿ ಮಾರಿ ಸಾಗುವಳಿ ಮುಂದುವರಿಸುತ್ತಾರೆ. ಇದು ಸರಿಯೇ ಎಂಬ ವಾದ ಪ್ರತಿ ಸಲವೂ ಏಳುತ್ತದೆ.

ಅದೇ ಗ್ರಂಥದ ಸಂಖ್ಯೆಯನ್ನು ಗಡಿಯಾರವಾಗಿ ಓದಿದವರಿಗೆ ದಕ್ಕಿದ್ದು ನಿರಾಶೆ. ಕರ್ತವ್ಯವಾಗಿ ಓದಿದವರಿಗೆ ಏಳು ಎಂಬುದು ಹೊಲಕ್ಕೆ ವಿಶ್ರಾಂತಿಯಾಗಿ, ಸಾಲಗಾರನಿಗೆ ಬಿಡುವಾಗಿ ಒದಗಿತು. ಏಳು ಮತ್ತು ಪ್ರಮಾಣ ಒಂದೇ ಮೂಲದಿಂದ ಬಂದ ಭಾಷೆಯಲ್ಲಿ, ಸಂಖ್ಯೆಯೆಂದರೆ ಮೊದಲಿಗೆ ಕೊಟ್ಟ ಮಾತು, ಎಣಿಕೆ ಆಮೇಲಿನದು.